ಪ್ರಿಂಟರ್ ಬಾಯಿ ಕಟ್ಟಿಕೊಳ್ಳುವುದು ಯಾಕೆ? ಒಂದು ಹನಿ ಶಾಯಿಯ ನೂರೈವತ್ತು ವರ್ಷದ ಕಥೆ

2020ರ ಮೇ ತಿಂಗಳು. ಲಾಕ್‌ಡೌನ್ ಸಡಿಲವಾಗಿ ಅಂಗಡಿ ತೆರೆಯಬಹುದು ಎಂದಾದ ವಾರ. ಚಳ್ಳಕೆರೆ ಕಡೆಯ ನಮ್ಮ ಹೋಬಳಿ ಊರಿನಲ್ಲಿ, ಬಸ್ ಸ್ಟ್ಯಾಂಡ್ ಎದುರಿಗೆ ನಮ್ಮ ಸೋದರಮಾವನ ಜೆರಾಕ್ಸ್ ಅಂಗಡಿ ಇದೆ. ಒಂದೂವರೆ ತಿಂಗಳಾದ ಮೇಲೆ ಶಟರ್ ಎತ್ತಿ, ಧೂಳು ಹೊಡೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮಾವ ಕಲರ್ ಪ್ರಿಂಟರ್ ಆನ್ ಮಾಡಿದರು. ಮೊದಲ ಗಿರಾಕಿ ಪಿಯುಸಿ ಹುಡುಗ. ಅವನಿಗೆ ಪಾಸ್‌ಪೋರ್ಟ್ ಸೈಜಿನ ಎಂಟು ಫೋಟೊ ಬೇಕಿತ್ತು. ಹಾಳೆ ಹೊರಗೆ ಬಂದಾಗ ಎಂಟೂ ಮುಖಗಳು ಹಸಿರು. ಕೂದಲಿನ ಮೇಲೆ ಬಾಚಣಿಗೆ ಎಳೆದಂತೆ ಬಿಳಿ ಗೆರೆ.

"ಬಾಯಿ ಕಟ್ಕಂಡೈತೆ ಅಳಿಯಾ," ಅಂದರು ಮಾವ.

ಹೆಡ್ ಕ್ಲೀನಿಂಗ್ ಒತ್ತಿದರು. ಹಸಿರು ಹೋಗಲಿಲ್ಲ. ಮತ್ತೆ ಒತ್ತಿದರು. ಗಿರಾಕಿ ಕಾಯುತ್ತಿದ್ದಾನೆ ಅನ್ನುವ ಅವಸರಕ್ಕೆ ಒಂದರ ಹಿಂದೆ ಒಂದು ಹತ್ತು ಹನ್ನೊಂದು ಸಲ ಆಯಿತು. ಟ್ಯಾಂಕಿನಲ್ಲಿ ಶಾಯಿ ಇಳಿಯುತ್ತಾ ಬಂತೇ ಹೊರತು ಹಾಳೆಯ ಮೇಲೆ ಕೆಂಪು ಮೂಡಲಿಲ್ಲ. ಮೂರನೇ ದಿನ ಎರಡು ದೀಪಗಳು ಒಟ್ಟಿಗೆ ಮಿನುಗಿ, ಒಳಗಿನ ವೇಸ್ಟ್ ಇಂಕ್ ಪ್ಯಾಡ್ ತುಂಬಿದೆ ಎಂಬ ಸಂದೇಶ ಬಂದು, ಯಂತ್ರ ಸುಮ್ಮನೆ ನಿಂತುಬಿಟ್ಟಿತು. ಚಿತ್ರದುರ್ಗದ ರಿಪೇರಿಯವರ ಹತ್ತಿರ ಒಯ್ದರೆ, ಹೊಸ ಹೆಡ್ ಹಾಕುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತದೆ ಎಂದರು. ಅತ್ತೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದರು. ಹೊಸದು ಬಂತು. ಹಳೆಯದು ಇವತ್ತಿಗೂ ಅಂಗಡಿಯ ಅಟ್ಟದ ಮೇಲಿದೆ.

ಆಗ ಮಾವ ಕೇಳಿದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. "ಚಂದ್ರನ ಮ್ಯಾಲೆ ಹೋಗಿ ಬಂದ್ರು. ಒಣಗದೇ ಇರೋ ಇಂಕು ಮಾಡಕ್ಕೆ ಯಾರಿಗೂ ಆಗ್ಲಿಲ್ವಾ?"

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದು. ಹುಡುಕಿದಾಗ ಗೊತ್ತಾಗಿದ್ದು ಇಷ್ಟು: ಒಣಗದ ಶಾಯಿ ಮಾಡುವುದು ಕಷ್ಟವೇ ಅಲ್ಲ. ಆದರೆ ನಾಜಲ್‌ನಲ್ಲಿ ಒಣಗದ ಶಾಯಿ ಕಾಗದದ ಮೇಲೂ ಒಣಗುವುದಿಲ್ಲ. ಪ್ರಿಂಟರ್ ಒಳಗೆ ಅದು ತಿಂಗಳುಗಟ್ಟಲೆ ಹಸಿಯಾಗಿರಬೇಕು, ಕಾಗದ ಮುಟ್ಟಿದ ಕೆಲವೇ ಕ್ಷಣಗಳಲ್ಲಿ ಒಣಗಬೇಕು. ಒಂದೇ ಶಾಯಿಯಿಂದ ಎರಡು ವಿರುದ್ಧ ಕೆಲಸ. ಇಂಕ್‌ಜೆಟ್‌ನ ಚರಿತ್ರೆಯ ದೊಡ್ಡ ಭಾಗ ಈ ಜಗಳವನ್ನು ಬಗೆಹರಿಸಲು ಹೋದವರ ಚರಿತ್ರೆ. ಯಾರೂ ಪೂರ್ತಿ ಬಗೆಹರಿಸಲಿಲ್ಲ. ಪ್ರತಿ ತಲೆಮಾರಿನವರೂ ಅದರ ಖರ್ಚನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗಿಸಿದರು.

ಮುಟ್ಟದೆ ಬರೆಯುವ ಆಸೆ

ಶಾಲೆಯಲ್ಲಿ ಶಾಯಿ ಪೆನ್ನು ಹಿಡಿದವರಿಗೆ ಈ ಜಗಳ ಹೊಸದಲ್ಲ. ಕ್ಯಾಪ್ ಹಾಕದೆ ಬಿಟ್ಟ ಪೆನ್ನು ಮಾರನೆ ದಿನ ಬರೆಯುತ್ತಿರಲಿಲ್ಲ. ನಿಬ್ಬನ್ನು ನೀರಿನಲ್ಲಿ ಅದ್ದಿ, ಒದರಿ, ಪಕ್ಕದವನ ಅಂಗಿ ಮೇಲೆ ಹನಿ ಬೀಳಿಸಿ, ಕೊನೆಗೆ ಬರೆಸುತ್ತಿದ್ದೆವು. ಪೆನ್ನಿನ ನಿಬ್ಬಾದರೂ ಕಾಗದ ಮುಟ್ಟಿ ಬರೆಯುತ್ತದೆ, ಒತ್ತಿದರೆ ದಾರಿ ಬಿಡುತ್ತದೆ. ಮುಟ್ಟದೆ ದೂರದಿಂದಲೇ ಶಾಯಿ ಚಿಮ್ಮಿಸಿ ಬರೆಯಬೇಕು ಎಂಬ ಆಸೆ ಯಾರಿಗೆ, ಯಾಕೆ ಬಂತು?

ಅದು ಬಂದದ್ದು ಸಮುದ್ರದ ತಳದಿಂದ. ಯುರೋಪ್ ಮತ್ತು ಅಮೆರಿಕದ ನಡುವೆ ಅಟ್ಲಾಂಟಿಕ್ ಸಾಗರದಡಿ ಹಾಕಿದ ತಂತಿ 1866ರಲ್ಲಿ ಗಟ್ಟಿಯಾಗಿ ನಿಂತಿತು. ಅಷ್ಟು ದೂರ ಹಾದುಬರುವ ಹೊತ್ತಿಗೆ ಟೆಲಿಗ್ರಾಫ್ ಸಂಕೇತ ಎಷ್ಟು ಸೊರಗಿರುತ್ತಿತ್ತೆಂದರೆ, ಅದರ ಬಲಕ್ಕೆ ಕಾಗದದ ಮೇಲೆ ಪೆನ್ನು ಎಳೆಯುವ ಶಕ್ತಿಯೂ ಇರಲಿಲ್ಲ. ಕಾಗದದ ತಿಕ್ಕಾಟಕ್ಕೇ ಸೂಜಿ ನಿಂತುಬಿಡುತ್ತಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1867ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದರು. ಹೆಸರು ಸೈಫನ್ ರೆಕಾರ್ಡರ್. ಕೂದಲಿನಂಥ ಗಾಜಿನ ಕೊಳವೆಯ ಒಂದು ತುದಿ ಶಾಯಿ ಬಟ್ಟಲಿನಲ್ಲಿ, ಇನ್ನೊಂದು ತುದಿ ಓಡುವ ಕಾಗದದ ಪಟ್ಟಿಯ ಮೇಲೆ, ಮುಟ್ಟಿಯೂ ಮುಟ್ಟದಂತೆ. ಶಾಯಿಗೆ ವಿದ್ಯುತ್ ಆವೇಶ ಕೊಟ್ಟರೆ ಅದು ಕೊಳವೆಯಿಂದ ತಾನೇ ಕಾಗದಕ್ಕೆ ಹಾರುತ್ತಿತ್ತು. ಸಂಕೇತ ಬಂದಂತೆ ಕೊಳವೆ ಆಚೀಚೆ ವಾಲಿ ಅಲೆಯಾಕಾರದ ಗೆರೆ ಮೂಡುತ್ತಿತ್ತು. 1870ರಲ್ಲಿ ಬೊಂಬಾಯಿ ಕೂಡ ಸಮುದ್ರದಡಿಯ ತಂತಿಯಿಂದ ಬ್ರಿಟನ್ನಿನ ಜಾಲಕ್ಕೆ ಸೇರಿತು. ಶಾಯಿಯನ್ನು ಹಾರಿಸಿ ಬರೆಯುವ ಕಲೆ ಶುರುವಾದದ್ದು ಹೀಗೆ, ಕಚೇರಿಯ ಅನುಕೂಲಕ್ಕಲ್ಲ, ದೂರದ ಸುದ್ದಿಗಾಗಿ. ಪತ್ರಿಕೋದ್ಯಮ ಓದಿದ ನಮಗೆ ಇದು ಕೇಳಲು ಖುಷಿಯ ಸಂಗತಿ.

ಅದೇ ಕಾಲದಲ್ಲಿ ಇಬ್ಬರು ಬೇರೊಂದು ಕಡೆಯಿಂದ ಇದೇ ಹನಿಯನ್ನು ನೋಡುತ್ತಿದ್ದರು. ನಲ್ಲಿಯನ್ನು ಸಣ್ಣಗೆ ತಿರುಗಿಸಿ ನೋಡಿ. ಮೇಲೆ ದಾರದಂತಿರುವ ನೀರು ಕೆಳಗೆ ಹೋದಂತೆ ಮಣಿಸರವಾಗಿ ಹರಿದು ಬೀಳುತ್ತದೆ. ಬೆಲ್ಜಿಯಂನ ಜೋಸೆಫ್ ಪ್ಲಾಟೊ 1873ರಲ್ಲಿ ದ್ರವಗಳ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇದನ್ನು ವಿವರಿಸಿದರು. ಆ ಹೊತ್ತಿಗೆ ಅವರ ಕಣ್ಣು ಹೋಗಿ ಹಲವು ವರ್ಷಗಳಾಗಿದ್ದವು. ಬೇರೆಯವರ ಕಣ್ಣಿನಿಂದ ಪ್ರಯೋಗ ನಡೆಸುತ್ತಿದ್ದರು. 1878ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ ನೀರಿನ ಧಾರೆ ಹನಿಯಾಗಿ ಒಡೆಯುವುದಕ್ಕೆ ಲೆಕ್ಕ ಕಟ್ಟಿಕೊಟ್ಟರು. ಮುಂದೆ ಬಂದ ಎಲ್ಲ ಇಂಕ್‌ಜೆಟ್‌ಗಳೂ ಈ ಲೆಕ್ಕದ ಋಣದಲ್ಲಿವೆ.

ಹೃದಯದ ಗೆರೆ

ಇದಾಗಿ ಎಪ್ಪತ್ತು ವರ್ಷದ ಮೇಲೆ ಸ್ವೀಡನ್‌ನಲ್ಲಿ ಇನ್ನೊಂದು ಹೆಜ್ಜೆ. ರೂನೆ ಎಲ್ಮ್‌ಕ್ವಿಸ್ಟ್ ವೈದ್ಯಕೀಯ ಓದಿ ಎಂಜಿನಿಯರ್ ಕೆಲಸಕ್ಕೆ ಇಳಿದವರು. ಇಸಿಜಿ ಯಂತ್ರದಲ್ಲಿ ಹೃದಯದ ಬಡಿತವನ್ನು ಬರೆಯುವ ಸೂಜಿ ಭಾರವಾಗಿದ್ದರೆ ವೇಗದ ಏರಿಳಿತಕ್ಕೆ ಅದು ಹಿಂದೆ ಬೀಳುತ್ತದೆ. ಎಲ್ಮ್‌ಕ್ವಿಸ್ಟ್ ಸೂಜಿಯ ಬದಲು ಅತಿ ಸಣ್ಣ ಗಾಜಿನ ನಾಳದಿಂದ ಶಾಯಿಯನ್ನು ಒತ್ತಡದಲ್ಲಿ ಚಿಮ್ಮಿಸಿದರು. ನಾಳ ಅಲುಗಿದಂತೆ ಧಾರೆ ಅಲುಗಿ ಗೆರೆ ಮೂಡಿತು. 1951ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮಿಂಗೋಗ್ರಾಫ್ ಎಂಬ ಹೆಸರಿನ ಈ ಯಂತ್ರಗಳು ಆಸ್ಪತ್ರೆಗಳಲ್ಲಿ ಬಳಕೆಗೆ ಬಂದವು. ಇದೇ ಎಲ್ಮ್‌ಕ್ವಿಸ್ಟ್ 1958ರಲ್ಲಿ ಮನುಷ್ಯನ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಅನ್ನೂ ತಯಾರಿಸಿದವರು.

ಇಲ್ಲಿಯವರೆಗೆ ಯಂತ್ರ ಬರೆಯುತ್ತಿದ್ದದ್ದು ಗೆರೆಗಳನ್ನು ಮಾತ್ರ. ಅಕ್ಷರ ಬರೆಯಬೇಕಾದರೆ ಹನಿ ಹನಿಯನ್ನೂ ಹೇಳಿದ ಜಾಗಕ್ಕೆ ಕಳಿಸಬೇಕು. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್ ಅದನ್ನು ಸಾಧಿಸಿದರು. ನಾಜಲ್ಲಿಗೆ ಒಂದೇ ಹದದ ಕಂಪನ ಕೊಟ್ಟರೆ ಧಾರೆ ಒಂದೇ ಗಾತ್ರದ ಹನಿಗಳಾಗಿ ಒಡೆಯುತ್ತದೆ. ಒಡೆಯುವ ಕ್ಷಣದಲ್ಲಿ ಬೇಕಾದ ಹನಿಗೆ ವಿದ್ಯುತ್ ಆವೇಶ ಕೊಟ್ಟು, ಮುಂದೆ ಎರಡು ತಗಡುಗಳ ನಡುವೆ ಹಾಯಿಸಿದರೆ ಅದು ಬಾಗಿ ಕಾಗದದ ಮೇಲೆ ಗುರಿ ಸೇರುತ್ತದೆ. ಬೇಡದ ಹನಿಗಳು ಒಂದು ತೂಬಿಗೆ ಬಿದ್ದು ಮತ್ತೆ ಟ್ಯಾಂಕ್ ಸೇರುತ್ತವೆ.

ಬಾಯಿ ಕಟ್ಟುವ ಸಮಸ್ಯೆಗೆ ಇದು ಮೊದಲ ಉತ್ತರ: ಧಾರೆಯನ್ನು ನಿಲ್ಲಿಸಲೇಬೇಡ. ಹರಿಯುತ್ತಲೇ ಇರುವ ಕಾಲುವೆಗೆ ಹೂಳು ಕಡಿಮೆ. ಐಬಿಎಂ ಕಂಪನಿ 1976ರಲ್ಲಿ 6640 ಎಂಬ ಮಾದರಿಯಲ್ಲಿ ಇದನ್ನು ಕಚೇರಿಗೆ ತಂದಿತು. ಆದರೆ ಪಂಪು, ಫಿಲ್ಟರು, ವಾಪಸ್ ಬರುವ ಶಾಯಿಯನ್ನು ಸೋಸುವ ವ್ಯವಸ್ಥೆ ಎಲ್ಲ ಸೇರಿ ಅದು ದೊಡ್ಡ, ದುಬಾರಿ ಯಂತ್ರ. ಮನೆಗೆ ಬರುವಂಥದ್ದಲ್ಲ. ಈ ಬಗೆಯ ಯಂತ್ರಗಳು ಇವತ್ತಿಗೂ ಕಾರ್ಖಾನೆಗಳಲ್ಲಿವೆ. ನೀರಿನ ಬಾಟಲಿಯ ಕತ್ತಿನ ಮೇಲೆ ಚುಕ್ಕಿ ಚುಕ್ಕಿಯಾಗಿ ತಯಾರಾದ ದಿನಾಂಕ ಕಾಣುತ್ತದಲ್ಲ, ಅದನ್ನು ಹೆಚ್ಚಾಗಿ ಬರೆಯುವುದು ಇವೇ.

ಬೇಕಾದಾಗ ಮಾತ್ರ ಒಂದು ಹನಿ

ಯಂತ್ರ ಸಣ್ಣದಾಗಬೇಕಾದರೆ ಬೇಕಾದಾಗ ಮಾತ್ರ ಹನಿ ಬೀಳಬೇಕು, ಉಳಿದ ಹೊತ್ತು ಸುಮ್ಮನಿರಬೇಕು. ಸುಮ್ಮನಿರುವುದು ಶುರುವಾದದ್ದೇ ಬಾಯಿ ಕಟ್ಟುವುದೂ ನಿಜವಾಗಿ ಶುರುವಾಯಿತು.

ಇದಕ್ಕೆ ಎರಡು ದಾರಿ ಹುಟ್ಟಿದವು. ಮೊದಲನೆಯದು ಪೀಝೊ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಅದು ತಿರುಗುಮುರುಗಾಗಿಯೂ ಸತ್ಯ. ವಿದ್ಯುತ್ ಕೊಟ್ಟರೆ ಹರಳು ಕೊಂಚ ಹಿಗ್ಗಿ ಕುಗ್ಗುತ್ತದೆ. ಶಾಯಿ ತುಂಬಿದ ಪುಟ್ಟ ಕೋಣೆಯ ಗೋಡೆಯನ್ನು ಇಂಥ ವಸ್ತುವಿನಿಂದ ಮಾಡಿದರೆ, ವಿದ್ಯುತ್ ಕೊಟ್ಟಾಗಲೆಲ್ಲ ಅದು ಹಿಂಡಿ ಒಂದು ಹನಿ ಹೊರಗೆ ಹಾಕುತ್ತದೆ. ಅಮೆರಿಕದ ಸ್ಟೀವನ್ ಝೋಲ್ಟನ್‌ಗೆ 1972ರಲ್ಲಿ ಇಂಥ ಒಂದು ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. 1977ರಲ್ಲಿ ಸೀಮೆನ್ಸ್‌ನ ಪಿಟಿ-80 ಈ ಬಗೆಯ ಪ್ರಿಂಟರ್ ಆಗಿ ಮಾರುಕಟ್ಟೆಗೆ ಬಂತು.

ಎರಡನೆಯದು ಬಿಸಿಯ ದಾರಿ. ಇದರ ಕಥೆಯನ್ನು ಕ್ಯಾನನ್ ಕಂಪನಿಯವರೇ ಹೇಳಿಕೊಂಡು ಬಂದಿದ್ದಾರೆ. 1977ರಲ್ಲಿ ಅವರ ಪ್ರಯೋಗಾಲಯದಲ್ಲಿ ಇಚಿರೊ ಎಂಡೊ ಎಂಬ ಸಂಶೋಧಕರ ಮೇಜಿನ ಮೇಲೆ ಶಾಯಿ ತುಂಬಿದ ಸಿರಿಂಜ್ ಇತ್ತು. ಬೆಸುಗೆ ಹಾಕುವ ಬಿಸಿ ಕಡ್ಡಿ ಅಕಸ್ಮಾತ್ ಅದರ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಒಲೆಯ ಮೇಲಿನ ಹಾಲು ಉಕ್ಕುವಂತೆ, ಶಾಯಿಯ ನೀರು ಒಮ್ಮೆಲೇ ಆವಿಯಾಗಿ ಗುಳ್ಳೆ ಎದ್ದು ಮುಂದಿನ ಶಾಯಿಯನ್ನು ಹೊರಗೆ ತಳ್ಳಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಜಾನ್ ವಾಟ್ ತಾವಾಗಿಯೇ ಇದೇ ಉಪಾಯಕ್ಕೆ ಬಂದರು. ಮುಂದೆ ಎರಡೂ ಕಂಪನಿಗಳು ಈ ವಿದ್ಯೆಯನ್ನು ಪರಸ್ಪರ ಹಂಚಿಕೊಂಡವು.

ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವು ಭಾಗದಷ್ಟು ಹೊತ್ತು ಮಾತ್ರ ಕಾಯುವ ಈ ಪುಟ್ಟ ಹೀಟರ್ 300 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿಗೆ ಶಾಯಿಯ ಬಣ್ಣ ಸೀದು ಹೀಟರ್ ಮೇಲೆ ಪದರ ಕಟ್ಟುತ್ತದೆ. ಇದಕ್ಕೆ ಕೊಗೇಷನ್ ಎಂದು ಹೆಸರಿಟ್ಟರು. ಇಂಗ್ಲಿಷ್‌ನಂತೆ ಕೇಳಿಸಿದರೂ ಮೂಲ ಜಪಾನಿ. ಸೀದು ಹೋದದ್ದಕ್ಕೆ ಅಲ್ಲಿ ಕೊಗೆ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಳ ಹಿಡಿಯುವುದು. ಅಂದರೆ ಈ ದಾರಿಯಲ್ಲಿ ಶಾಯಿ ಬಾಯಲ್ಲಿ ಒಣಗುವುದು ಒಂದು ಕಾಟವಾದರೆ, ಹೊಟ್ಟೆಯೊಳಗೆ ತಳ ಹಿಡಿಯುವುದು ಇನ್ನೊಂದು.

ಬಾಯನ್ನೇ ಬಿಸಾಡುವ ಉತ್ತರ

ಬಾಯಿ ಎಷ್ಟು ಸಣ್ಣದು ಅಂತ ಗೊತ್ತಾದರೆ ಕಾಟ ಅರ್ಥವಾಗುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಾಜಲ್ ತೂತಿನ ಅಗಲ ಹೆಚ್ಚಾಗಿ 20ರಿಂದ 50 ಮೈಕ್ರಾನ್. ಅದರೊಳಗೆ ಕೂದಲೂ ಹೋಗುವುದಿಲ್ಲ. ಅಲ್ಲಿ ನಿಂತ ಶಾಯಿಯ ಮುಖ ಗಾಳಿಗೆ ತೆರೆದುಕೊಂಡಿದ್ದರೆ ಮೊದಲು ನೀರು ಆರುತ್ತದೆ, ಆಮೇಲೆ ಶಾಯಿ ಪಾಕದಂತೆ ಗಟ್ಟಿಯಾಗುತ್ತದೆ, ಕೊನೆಗೆ ಬಿರಡೆಯಾಗುತ್ತದೆ. ಇದನ್ನು ನಿಧಾನಿಸಲು ಶಾಯಿಗೆ ಗ್ಲಿಸರಿನ್, ಗ್ಲೈಕಾಲ್‌ನಂಥ ತೇವ ಹಿಡಿದಿಡುವ ದ್ರವ ಬೆರೆಸುತ್ತಾರೆ. ಹೆಚ್ಚು ಬೆರೆಸಿದರೆ ಕಾಗದದ ಮೇಲೆ ಶಾಯಿ ಒಣಗದೆ ಕೈಗೆ ಹತ್ತುತ್ತದೆ. ಮಾವ ಕೇಳಿದ ಪ್ರಶ್ನೆ ಸಿಕ್ಕಿಹಾಕಿಕೊಂಡಿರುವುದು ಈ ಜಾಗದಲ್ಲಿ.

1984ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮಾರುಕಟ್ಟೆಗೆ ತಂದ ಥಿಂಕ್‌ಜೆಟ್, ಬಾಯಿ ಕಟ್ಟದಂತೆ ನೋಡಿಕೊಳ್ಳುವುದಕ್ಕಿಂತ ಬಾಯನ್ನೇ ಬದಲಾಯಿಸುವುದು ಸುಲಭ ಎಂದು ತೀರ್ಮಾನಿಸಿತು. 12 ತೂತಿನ ಹೆಡ್ ಮತ್ತು ಶಾಯಿ ಎರಡೂ ಒಂದೇ ಡಬ್ಬಿಯಲ್ಲಿ. ಶಾಯಿ ಮುಗಿದರೆ ಹೆಡ್ ಸಮೇತ ಕಸದ ಬುಟ್ಟಿಗೆ. ಪ್ರಿಂಟರ್ ಬೆಲೆ 495 ಡಾಲರ್. ಕಟ್ಟಿಕೊಂಡ ಹೆಡ್ ಹಿಡಿದು ಯಾರೂ ರಿಪೇರಿಗೆ ಬರಬೇಕಿಲ್ಲ, ಮೆಕ್ಯಾನಿಕ್ ಬೇಕಿಲ್ಲ. ಇಂಕ್‌ಜೆಟ್ ಸಾಮಾನ್ಯರ ಮೇಜಿಗೆ ಬಂದದ್ದಕ್ಕೆ ಈ ಒಂದು ತೀರ್ಮಾನ ದೊಡ್ಡ ಕಾರಣ.

ಬಾಯಿ ಕಟ್ಟುವುದಕ್ಕೆ ಇದು ಎರಡನೇ ಉತ್ತರ. ಇಲ್ಲಿ ಖರ್ಚು ಯಾರ ತಲೆಗೆ ಬಂತು ನೋಡಿ. ಗಿರಾಕಿ ಪ್ರತಿಸಲ ಶಾಯಿ ಕೊಂಡಾಗಲೂ ಹೊಸ ಹೆಡ್ಡಿನ ದುಡ್ಡನ್ನೂ ಸೇರಿಸಿ ಕೊಡಬೇಕು. ಯಂತ್ರ ಅಗ್ಗ, ಡಬ್ಬಿ ದುಬಾರಿ. ಮುಂದಿನ ಮೂವತ್ತು ವರ್ಷ ಪ್ರಿಂಟರ್ ವ್ಯಾಪಾರ ನಿಂತದ್ದು ಈ ಲೆಕ್ಕದ ಮೇಲೆ.

ಗೂಡಿನಲ್ಲಿ ನಡೆಯುವ ಕೆಲಸ

1988ರಲ್ಲಿ ಅದೇ ಕಂಪನಿಯ ಡೆಸ್ಕ್‌ಜೆಟ್ ಬಂತು. ಥಿಂಕ್‌ಜೆಟ್‌ನಲ್ಲಿ ಅಂದವಾಗಿ ಮೂಡಬೇಕಾದರೆ ವಿಶೇಷ ಕಾಗದ ಬೇಕಿತ್ತು. ಡೆಸ್ಕ್‌ಜೆಟ್ ಸಾದಾ ಹಾಳೆಯ ಮೇಲೆ ಇಂಚಿಗೆ 300 ಚುಕ್ಕಿ ಹಾಕಿತು. ಬೆಲೆ 1000 ಡಾಲರಿಗಿಂತ ಕೊಂಚ ಕಡಿಮೆ. ಸಾದಾ ಕಾಗದದ ಮೇಲೆ ಬೇಗ ಒಣಗುವ ಶಾಯಿ ಬಾಯಲ್ಲೂ ಬೇಗ ಒಣಗುತ್ತದೆ. ಹಾಗಾಗಿ ಹೆಡ್ಡಿನ ಆರೈಕೆಗೆಂದೇ ಯಂತ್ರದ ಒಂದು ಮೂಲೆಯಲ್ಲಿ ಸಣ್ಣ ಗೂಡು ಕಟ್ಟಿಕೊಳ್ಳುವುದು ಇಂಥ ಪ್ರಿಂಟರ್‌ಗಳಲ್ಲಿ ವಾಡಿಕೆಯಾಯಿತು.

ಪ್ರಿಂಟರ್ ಆನ್ ಮಾಡಿದಾಗ ಒಳಗಿನಿಂದ ಕರಕರ, ಗುರ್ ಎಂದು ಸದ್ದು ಬರುತ್ತದಲ್ಲ, ಅದು ಬಹುಪಾಲು ಈ ಗೂಡಿನ ಕೆಲಸ. ಅಲ್ಲಿ ನಾಲ್ಕು ಕೆಲಸ ನಡೆಯುತ್ತವೆ. ಹೆಡ್ ಬಂದು ಕೆಲವು ಹನಿ ಉಗುಳಿ ಬಾಯಿ ಮುಕ್ಕಳಿಸುತ್ತದೆ. ರಬ್ಬರ್ ಪಟ್ಟಿಯೊಂದು ಬಾಯಿ ಒರೆಸುತ್ತದೆ. ಪಂಪ್ ಇರುವ ಯಂತ್ರವಾದರೆ ಅದು ಶಾಯಿಯನ್ನು ಹೊರಕ್ಕೆ ಹೀರಿ ಬಿರಡೆ ಕೀಳುತ್ತದೆ. ಕೊನೆಗೆ ರಬ್ಬರ್ ಮುಚ್ಚಳವೊಂದು ಗಾಳಿಯಾಡದಂತೆ ಬಾಯಿ ಮುಚ್ಚುತ್ತದೆ. ನಮ್ಮ ಶಾಯಿ ಪೆನ್ನಿನ ಕ್ಯಾಪ್ ಇಲ್ಲಿ ತಾನೇ ಹಾಕಿಕೊಳ್ಳುವ ಕ್ಯಾಪ್ ಆಯಿತು.

1993ರಲ್ಲಿ ಎಪ್ಸನ್ ತನ್ನ ಮೈಕ್ರೊ ಪೀಝೊ ಹೆಡ್ಡಿನ ಪ್ರಿಂಟರ್ ತಂದಿತು. ಇದರಲ್ಲಿ ಬಿಸಿ ಇಲ್ಲ, ಹಾಗಾಗಿ ತಳ ಹಿಡಿಯುವ ಕಾಟ ಇಲ್ಲ. ಬಗೆಬಗೆಯ ಶಾಯಿ ಹಾಕಬಹುದು. ಆದರೆ ಈ ಹೆಡ್ ಮಾಡುವುದು ದುಬಾರಿ, ಬಿಸಾಡುವಂತಿಲ್ಲ. ಅದು ಯಂತ್ರದ ಜೊತೆಗೇ ಬಾಳಬೇಕು. ಇಂಥ ಶಾಶ್ವತ ಹೆಡ್ಡಿನ ಪ್ರಿಂಟರ್‌ಗಳಲ್ಲಿ ಯಾರದೇ ಆಗಿರಲಿ, ಮೂರನೇ ಉತ್ತರ ಒಂದೇ: ಶಾಯಿಯನ್ನೇ ಖರ್ಚು ಮಾಡಿ ಬಾಯಿ ತೊಳೆ. ತೊಳೆದ ಶಾಯಿ ಯಂತ್ರದ ಅಡಿಯಲ್ಲಿರುವ ದಪ್ಪನೆಯ ಹೀರುಹಾಸಿಗೆ ಹೋಗಿ ಕೂರುತ್ತದೆ. ಅದಕ್ಕೇ ವೇಸ್ಟ್ ಇಂಕ್ ಪ್ಯಾಡ್ ಎನ್ನುವುದು. ಎಷ್ಟು ಹೋಯಿತು ಎಂದು ಪ್ರಿಂಟರ್ ಲೆಕ್ಕ ಇಡುತ್ತದೆ. ಲೆಕ್ಕ ತುಂಬಿದ ದಿನ ನಿಲ್ಲುತ್ತದೆ. ಮಾವನ ಅಂಗಡಿಯಲ್ಲಿ ಆದದ್ದು ಅದೇ.

ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 2013ರಲ್ಲಿ ಪ್ರಿಂಟರ್‌ಗಳನ್ನು ದಿನವೂ ಓಡಿಸದೆ, ಮನೆಯವರು ಬಳಸುವಂತೆ ಆಗೊಮ್ಮೆ ಈಗೊಮ್ಮೆ ಓಡಿಸಿ ಪರೀಕ್ಷಿಸಿತು. ಹಲವು ಮಾದರಿಗಳಲ್ಲಿ ಕಾಗದ ಸೇರಿದ ಶಾಯಿ ಅರ್ಧ ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದು ಬಾಯಿ ತೊಳೆಯುವಂಥ ಆರೈಕೆಗೇ ಹೋಗಿತ್ತು. ಕಡಿಮೆ ಬಳಸುವವರೇ ಹೆಚ್ಚು ಕಳೆದುಕೊಳ್ಳುವ ಲೆಕ್ಕ ಇದು.

ಏಷ್ಯಾದ ಅಂಗಡಿಗಳು ಕೊಟ್ಟ ಉತ್ತರ

ನಾಲ್ಕನೇ ಉತ್ತರ ಪ್ರಯೋಗಾಲಯದಲ್ಲಿ ಹುಟ್ಟಲಿಲ್ಲ. ಶಾಶ್ವತ ಹೆಡ್ಡಿನ ಪ್ರಿಂಟರ್ ಮುಚ್ಚಳ ತೆಗೆದು, ಒಳಕ್ಕೆ ಸಣ್ಣ ಪೈಪು ಎಳೆದು, ಪಕ್ಕದಲ್ಲಿ ನಾಲ್ಕು ಬಾಟಲಿ ಇಟ್ಟು ಶಾಯಿ ಹರಿಸಿದವರು ಏಷ್ಯಾದ ದೇಶಗಳ ಸಣ್ಣ ಅಂಗಡಿಕಾರರು, ರಿಪೇರಿ ಹುಡುಗರು. ನಮ್ಮ ಊರುಗಳ ಫೋಟೊ ಸ್ಟುಡಿಯೊಗಳಲ್ಲೂ ಇಂಥ ಪೈಪಿನ ಪ್ರಿಂಟರ್ ನೋಡಿದ ನೆನಪು ಹಲವರಿಗೆ ಇರಬಹುದು. ಇಂಡೊನೇಷ್ಯಾದಲ್ಲಿ ಇದು ಎಷ್ಟು ಹರಡಿತ್ತೆಂದರೆ, ಎಪ್ಸನ್ 2010ರಲ್ಲಿ ತಾನೇ ಟ್ಯಾಂಕ್ ಇರುವ ಪ್ರಿಂಟರ್ ಮಾಡಿ ಮೊದಲು ಅಲ್ಲೇ ಬಿಡುಗಡೆ ಮಾಡಿತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಇವತ್ತು ನಮ್ಮ ಹಳ್ಳಿ ಅಂಗಡಿಗಳಲ್ಲಿ ಕಾಣುವ ಬಾಟಲಿ ಶಾಯಿಯ ಪ್ರಿಂಟರ್‌ಗಳೆಲ್ಲ ಇದೇ ವಂಶದವು.

ಇದರಿಂದ ಶಾಯಿ ಅಗ್ಗವಾಯಿತು. ಬಾಯಿ ತೊಳೆಯಲು ಸುರಿಯುವ ಶಾಯಿಯ ನೋವೂ ಕಡಿಮೆಯಾಯಿತು. ಆದರೆ ಯಂತ್ರದ ಬೆಲೆ ಏರಿತು, ಹೆಡ್ ಮೊದಲಿನಂತೆಯೇ ಸೂಕ್ಷ್ಮವಾಗಿ ಉಳಿಯಿತು. ಹೆಡ್ ಹೋದರೆ ಬಂಡವಾಳವೇ ಹೋದಂತೆ. ಬಿಸಾಡುವ ಹೆಡ್ಡಿನ ಕಾಲದಲ್ಲಿ ಬಾಯಿ ಕಟ್ಟಿದರೆ ಒಂದು ಡಬ್ಬಿಯ ದುಡ್ಡು ಹೋಗುತ್ತಿತ್ತು. ಈಗ ಸಂಘದಲ್ಲಿ ಸಾಲ ಎತ್ತಬೇಕು.

ಯಂತ್ರ ಬಯಸುವುದು, ನಮ್ಮೂರು ಕೊಡುವುದು

ಈ ಚರಿತ್ರೆ ಓದಿದಾಗ ಒಂದು ಮಾತು ಸ್ಪಷ್ಟವಾಯಿತು. ದಿನವೂ ನಾಲ್ಕು ಹಾಳೆ ತೆಗೆಯುವ, ಧೂಳಿಲ್ಲದ, ತಂಪಾದ, ಕರೆಂಟು ಹೋಗದ ಒಂದು ಕೋಣೆಯನ್ನು ಈ ಯಂತ್ರ ಬಯಸುತ್ತದೆ. ನಮ್ಮ ಅಂಗಡಿಯ ಲೆಕ್ಕವೇ ಬೇರೆ. ಜೂನ್‌ನಲ್ಲಿ ಶಾಲೆಗೆ ಸೇರಿಸುವ ಕಾಲ ಬಂದರೆ ಪ್ರಿಂಟರ್‌ಗೆ ಉಸಿರಾಡಲು ಬಿಡುವಿಲ್ಲ. ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ಪಹಣಿ ಅಂತ ಒಂದಷ್ಟು ವಾರ ನೂಕುನುಗ್ಗಲು. ಆಮೇಲೆ ಬಣ್ಣದ ಹಾಳೆ ಕೇಳುವವರೇ ಇಲ್ಲ. ಏಪ್ರಿಲ್‌ನಲ್ಲಿ ತಗಡಿನ ಸೂರಿನ ಕೆಳಗೆ ಅಂಗಡಿ ಕಾದ ಕಾವಲಿ. ರಸ್ತೆಯ ಧೂಳು ನೇರ ಒಳಗೆ. ಬಾಯಿ ಕಟ್ಟಿತು ಎಂದರೆ ಅಂಗಡಿಯವರ ಅಸಡ್ಡೆ ಎಂದು ಬೈಯುವುದು ಸುಲಭ. ನಾನೂ ಮೊದಲು ಮಾವನಿಗೆ ಹಾಗೇ ಅಂದಿದ್ದೆ. ತಪ್ಪು ಅವರದ್ದಷ್ಟೇ ಅಲ್ಲ.

ಹಾಗಂತ ಮಾಡುವುದಕ್ಕೆ ಏನೂ ಇಲ್ಲ ಎಂದಲ್ಲ. ಮಾವ ಕೈಸುಟ್ಟುಕೊಂಡು ಕಲಿತದ್ದನ್ನು, ನಾನು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಪ್ರಿಂಟರ್ ಅನ್ನು ಯಾವತ್ತೂ ಅದರ ಬಟನ್ ಒತ್ತಿಯೇ ಆಫ್ ಮಾಡಿ. ಗೋಡೆಯ ಸ್ವಿಚ್ ಆರಿಸಿ ಮನೆಗೆ ಹೋಗಬೇಡಿ. ಬಟನ್ ಒತ್ತಿದಾಗ ಹೆಡ್ ಖಾತ್ರಿಯಾಗಿ ಗೂಡಿಗೆ ಹೋಗಿ ಕ್ಯಾಪ್ ಹಾಕಿಕೊಳ್ಳುತ್ತದೆ. ಪ್ರಿಂಟ್ ನಡುವೆ ಕರೆಂಟು ಹೋದರೆ ಹೆಡ್ ಬಾಯಿ ತೆರೆದುಕೊಂಡೇ ದಾರಿ ಮಧ್ಯೆ ನಿಂತಿರುತ್ತದೆ. ಸಣ್ಣ ಯುಪಿಎಸ್ ಇದ್ದರೆ ಅದನ್ನು ಗೂಡಿಗೆ ಸೇರಿಸುವಷ್ಟು ಸಮಯ ಸಿಗುತ್ತದೆ. ಇಲ್ಲದಿದ್ದರೆ ಕರೆಂಟು ಬಂದ ಕೂಡಲೇ ಆನ್ ಮಾಡಿ, ಬಟನ್ ಒತ್ತಿ ಆಫ್ ಮಾಡಿ.

ವಾರಕ್ಕೊಮ್ಮೆ ಎಲ್ಲ ಬಣ್ಣ ಬರುವ ಒಂದು ಹಾಳೆ ತೆಗೆಯಿರಿ. ನಾಜಲ್ ಚೆಕ್ ಹಾಳೆ ಸಾಕು, ಶಾಯಿ ಬಹಳ ಕಡಿಮೆ ಹಿಡಿಯುತ್ತದೆ. ಟ್ಯಾಂಕಿನ ಶಾಯಿ ಕೆಳಗಿನ ಗೆರೆಗಿಂತ ಇಳಿಯಲು ಬಿಡಬೇಡಿ. ಗಾಳಿ ಪೈಪಿಗೆ ಹೊಕ್ಕರೆ ಅದೂ ಬಾಯಿ ಕಟ್ಟಿದಂತೆಯೇ ಕಾಣುತ್ತದೆ. ಡೈ ಶಾಯಿಗೂ ಪಿಗ್ಮೆಂಟ್ ಶಾಯಿಗೂ ಬೆರಕೆ ಮಾಡಬೇಡಿ. ಡೈ ಎಂದರೆ ನೀರಿನಲ್ಲಿ ಕರಗಿದ ಬಣ್ಣ. ಪಿಗ್ಮೆಂಟ್ ಎಂದರೆ ಕರಗದೆ ತೇಲುವ ಅತಿ ನುಣ್ಣನೆಯ ಪುಡಿ. ಎರಡು ಸೇರಿದರೆ ಗಸಿ ಕಟ್ಟಬಹುದು.

ಗೆರೆ ಬಿಟ್ಟು ಬರಲು ಶುರುವಾದರೆ ಮೊದಲು ನಾಜಲ್ ಚೆಕ್ ತೆಗೆದು ಯಾವ ಬಣ್ಣ ಎಂದು ನೋಡಿ. ಹೆಡ್ ಕ್ಲೀನಿಂಗ್ ಒಂದು ಸಲ, ಮತ್ತೆ ಚೆಕ್. ಹೀಗೆ ಎರಡು ಮೂರು ಸಲ. ಅಷ್ಟಕ್ಕೂ ಬರದಿದ್ದರೆ ನಿಲ್ಲಿಸಿ. ಆಫ್ ಮಾಡಿ ರಾತ್ರಿಯೆಲ್ಲ ಬಿಡಿ. ಒಣಗಿದ ಶಾಯಿ ಹೊಸ ಶಾಯಿಯಲ್ಲಿ ನೆನೆಯಲು ಸಮಯ ಬೇಕು. ನೆನೆಯದ ಕೊಳೆ ಎಷ್ಟು ತಿಕ್ಕಿದರೂ ಹೋಗದು ಅನ್ನುವುದು ಬಟ್ಟೆ ಒಗೆಯುವ ಎಲ್ಲರಿಗೂ ಗೊತ್ತು. ಮಾವ ಒಂದೇ ದಿನ ಹನ್ನೊಂದು ಸಲ ಒತ್ತಿದ್ದು ಪ್ಯಾಡ್ ತುಂಬಲು ಮಾತ್ರ ನೆರವಾಯಿತು.

ಎಷ್ಟೋ ಸಲ ತೊಂದರೆ ಹೆಡ್ಡಿನದ್ದಲ್ಲ, ಗೂಡಿನ ರಬ್ಬರ್ ಕ್ಯಾಪಿನದ್ದು. ಅದರ ಅಂಚಿನಲ್ಲಿ ಶಾಯಿ ಒಣಗಿ ಗಟ್ಟಿಯಾದರೆ ಕ್ಯಾಪ್ ಸರಿಯಾಗಿ ಕೂರುವುದಿಲ್ಲ, ಪಂಪು ಶಾಯಿಯ ಬದಲು ಗಾಳಿ ಎಳೆಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒದ್ದೆ ಮಾಡಿ ಆ ಅಂಚನ್ನೂ ಒರೆಸುವ ಪಟ್ಟಿಯನ್ನೂ ಮೆಲ್ಲಗೆ ಒರೆಸಿ. ಹತ್ತಿಯ ಎಳೆ ಅಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಹೆಡ್ ಡಬ್ಬಿಯಲ್ಲೇ ಇರುವ ಕಾರ್ಟ್ರಿಜ್ ಆದರೆ ಕೆಲಸ ಸುಲಭ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿದ ನುಣುಪು ಬಟ್ಟೆಯ ಮೇಲೆ ಬಾಯಿ ಕೆಳಗಾಗಿ ಒಂದೆರಡು ನಿಮಿಷ ಇಡಿ. ಉಜ್ಜಬೇಡಿ, ಒತ್ತಿ ಎತ್ತಿ. ತಾಮ್ರದ ಬಣ್ಣದ ಸಂಪರ್ಕಗಳು ಒದ್ದೆಯಾಗದಿರಲಿ. ಹೆಡ್ ಯಂತ್ರದಲ್ಲೇ ಇರುವಂಥದ್ದಾದರೆ ಅದಕ್ಕೆಂದೇ ಸಿಗುವ ಕ್ಲೀನಿಂಗ್ ದ್ರವವನ್ನು ಕ್ಯಾಪಿನ ಸ್ಪಂಜಿಗೆ ಕೆಲವು ಹನಿ ಹಾಕಿ, ಹೆಡ್ ಗೂಡಿಗೆ ಸೇರಿಸಿ, ರಾತ್ರಿ ಬಿಟ್ಟು ಬೆಳಗ್ಗೆ ಒಮ್ಮೆ ಕ್ಲೀನಿಂಗ್ ಕೊಡಿ.

ನಮ್ಮ ಕಡೆಯವರು ನೆನಪಿಡಬೇಕಾದ ಮಾತು: ಬೋರ್‌ವೆಲ್ ನೀರು ಹೆಡ್ಡಿಗೆ ತಾಗಬಾರದು. ಪಾತ್ರೆಯ ತಳದಲ್ಲಿ ಬಿಳಿ ಗಟ್ಟು ಕಟ್ಟುವ ಗಡುಸು ನೀರು 20 ಮೈಕ್ರಾನ್ ತೂತಿನಲ್ಲಿ ಏನು ಮಾಡುತ್ತದೆ ಯೋಚಿಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಳ್ಳಿಯಲ್ಲೂ ಸಿಗುತ್ತದೆ. ಆಸಿಡ್ ಅಲ್ಲ, ನೀರೇ ಎಂದು ಲೇಬಲ್ ನೋಡಿ ತನ್ನಿ. ಥಿನ್ನರ್, ಅಸಿಟೋನ್ ಬೇಡ, ಅಂಟು ಕರಗಿ ಹೆಡ್ ಬಿಡಿಬಿಡಿಯಾಗುತ್ತದೆ. ಸೂಜಿ, ಪಿನ್ನು ತೋರಿಸಲೂ ಬೇಡಿ. ಸಿರಿಂಜ್‌ನಿಂದ ಜೋರಾಗಿ ತಳ್ಳಿದರೆ ಒಳಗಿನ ತೆಳು ಪದರ ಒಡೆಯುತ್ತದೆ.

ಇನ್ನೊಂದು ಪ್ರಾಮಾಣಿಕ ಮಾತು. ಅಂಗಡಿಯ ಕೆಲಸ ಬಹುಪಾಲು ಪಹಣಿ, ಅರ್ಜಿ, ಕಪ್ಪು ಅಕ್ಷರವೇ ಆದರೆ ಅದಕ್ಕೆ ಲೇಸರ್ ಪ್ರಿಂಟರ್ ಇಟ್ಟುಕೊಳ್ಳಿ. ಅದರ ಟೋನರ್ ಒಣ ಪುಡಿ. ಒಣಗುವ ಪ್ರಶ್ನೆಯೇ ಇಲ್ಲ. ಇಂಕ್‌ಜೆಟ್ ಅನ್ನು ಫೋಟೊಗೆ, ಬಣ್ಣಕ್ಕೆ ಮೀಸಲಿಡಿ, ಆದರೆ ವಾರಕ್ಕೊಮ್ಮೆ ಮರೆಯದೆ ಓಡಿಸಿ.

2021ರ ಮೇ ತಿಂಗಳಲ್ಲಿ ಎರಡನೇ ಲಾಕ್‌ಡೌನ್ ಬಂತು. ಅಂಗಡಿ ಮುಚ್ಚುವ ಹಿಂದಿನ ಸಂಜೆ ಮಾವ ಹೊಸ ಪ್ರಿಂಟರ್ ಅನ್ನು ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ವಾಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದರು. ಪಡಸಾಲೆಯ ಮೂಲೆಯಲ್ಲಿ ಟೇಬಲ್ ಹಾಕಿ, ಮೇಲೆ ಹಳೇ ಪಂಚೆ ಹೊದಿಸಿದರು. ಪ್ರತಿ ಶನಿವಾರ ಸಂಜೆ ಒಂದು ಹಾಳೆ. ಆ ಹಾಳೆಗಳ ಹಿಂದುಗಡೆ ಅತ್ತೆ ಸಂಘದ ಕಂತಿನ ಲೆಕ್ಕ ಬರೆಯುತ್ತಿದ್ದರು. ಜೂನ್ ಕೊನೆಯಲ್ಲಿ ಅಂಗಡಿ ತೆರೆದಾಗ ನಾನೂ ಹೋಗಿದ್ದೆ. ಮೊದಲು ಬಂದದ್ದು ಹೆಣ್ಣುಮಗಳೊಬ್ಬಳು, ಹಾಸ್ಟೆಲ್ ಅರ್ಜಿಗೆ ಫೋಟೊ ಬೇಕು ಅಂತ. ಹಾಳೆ ಹೊರಗೆ ಬರುವವರೆಗೆ ಮಾವ ಉಸಿರು ಬಿಗಿಹಿಡಿದಿದ್ದರು.

ಎಂಟೂ ಮುಖಗಳು ಮನುಷ್ಯರ ಬಣ್ಣದಲ್ಲಿಯೇ ಬಂದಿದ್ದವು.